ಮೈಸೂರಿನಲ್ಲಿ ಅಭಿನಯ ಕಲಿತ ಹತ್ತು ತಿಂಗಳು

ಮೈಸೂರಿನ ಒಂದು ರಂಗಶಾಲೆಯಲ್ಲಿ ಹತ್ತು ತಿಂಗಳ ಪೂರ್ಣಾವಧಿ ಅಭಿನಯ ಡಿಪ್ಲೊಮಾವನ್ನು ನಾನು ಕಳೆದ ತಿಂಗಳಷ್ಟೇ ಮುಗಿಸಿದ್ದೇನೆ. ಅಂದಿನಿಂದ ಮಂಡ್ಯದ ಹವ್ಯಾಸಿ ತಂಡಗಳ ಗೆಳತಿಯರು, ಮುಖ್ಯವಾಗಿ ಮನೆ ಮತ್ತು ಕೆಲಸ ಎರಡನ್ನೂ ತೂಗಿಸಿಕೊಂಡು ಪಾತ್ರ ಮಾಡುವವರು, ಅರ್ಜಿ ಹಾಕುವುದು ಹೇಗೆ, ಎಷ್ಟು ಖರ್ಚಾಗುತ್ತದೆ, ಅಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುವುದು ಮೇಲೆಂದು ತೋರಿತು.

ನಾನು ಮಂಡ್ಯದ ಸಮೀಪದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮ ಸೀಮೆಯಲ್ಲಿ ಊರಹಬ್ಬಕ್ಕೂ ಜಾತ್ರೆಗೂ ಕುರುಕ್ಷೇತ್ರ ನಾಟಕ ಆಡುವುದು ವಾಡಿಕೆ. ಇಂಥ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕಿಕೊಂಡು, ಪರದೆ, ವೇಷ ಒದಗಿಸುವ ಡ್ರಾಮಾ ಸೀನರಿಯವರನ್ನು ಗೊತ್ತು ಮಾಡಿ, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು, ರಾತ್ರಿ ಶುರುವಾದ ನಾಟಕವನ್ನು ಬೆಳಗಿನ ಜಾವಕ್ಕೆ ಮುಗಿಸುತ್ತಾರೆ. ಹೆಂಗಸರೇ ಸೇರಿ ಕಟ್ಟಿದ ಇಂಥದೊಂದು ತಂಡದಲ್ಲಿ ನಾನು ಕೆಲವು ವರ್ಷ ದುರ್ಯೋಧನನ ಪಾತ್ರ ಮಾಡುತ್ತಿದ್ದೆ. ಕಂದಪದ್ಯವನ್ನು ಏರುಶ್ರುತಿಯಲ್ಲಿ ಎಳೆದು ನಿಲ್ಲಿಸಿದಾಗ ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು, ಅದರ ಸಂತೋಷ ಈಗಲೂ ನನಗೆ ದೊಡ್ಡದೇ. ಆದರೆ ಹಾಡು ಮುಗಿದು ಮಾತು ಶುರುವಾದ ಕೂಡಲೇ ಕೈಕಾಲುಗಳಿಗೆ ಕೆಲಸವಿಲ್ಲದಂತಾಗುತ್ತಿತ್ತು. ಹಾಡಿಗೆ ನಮಗೊಬ್ಬ ಗುರುವಿದ್ದರು; ಮಾತಿಗೆ, ಮಾತಿಲ್ಲದೆ ನಿಂತಿರುವ ಹೊತ್ತಿಗೆ ಯಾರೂ ಇರಲಿಲ್ಲ. ನಾನು ಹುಡುಕಿಕೊಂಡು ಹೋದದ್ದು ಅದನ್ನು.

ಕರ್ನಾಟಕದಲ್ಲಿ ಇದನ್ನು ಕಲಿಯಲು ದಾರಿಗಳು ಕಡಿಮೆಯಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಆರಂಭವಾದದ್ದು, ಅಲ್ಲಿಯದು ಮೂರು ವರ್ಷದ ಶಿಕ್ಷಣ; ಅದರ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ಅಭಿನಯ ತರಬೇತಿಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಮೈಸೂರಿನಲ್ಲಿ ರಾಜ್ಯ ಸರ್ಕಾರ 1989ರಲ್ಲಿ ಸ್ಥಾಪಿಸಿ, ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ರಂಗಾಯಣವೆಂಬ ನಾಟಕಸಂಸ್ಥೆಯಿದೆ, ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ, ಚಿಕ್ಕಪುಟ್ಟ ಖಾಸಗಿ ರಂಗಶಾಲೆಗಳೂ ಇವೆ. ಏಳು ವರ್ಷದ ಮಗನನ್ನು ಬಿಟ್ಟು ದೂರದ ಊರಿನಲ್ಲಿ ಉಳಿಯುವುದು ನನಗೆ ಸಾಧ್ಯವಿರಲಿಲ್ಲ. ಮಂಡ್ಯದಿಂದ ನಲವತ್ತೈದು ಕಿಲೋಮೀಟರಿನೊಳಗೆ, ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವಂತಿದ್ದರೆ ಮಾತ್ರ ಎಂದು ತೀರ್ಮಾನಿಸಿ ಮೈಸೂರಿನ ಶಾಲೆಯೊಂದನ್ನೇ ಆರಿಸಿಕೊಂಡೆ. ಸೇರಬೇಕೆಂದಿರುವವರು ಆಯಾ ವರ್ಷದ ಪ್ರಕಟಣೆಯಲ್ಲಿ ವಯೋಮಿತಿ ಮತ್ತು ಓದಿನ ಅರ್ಹತೆಯ ಸಾಲುಗಳನ್ನು ಮೊದಲು ಓದಿಕೊಳ್ಳಬೇಕು. ಒಂದೊಂದು ಕಡೆ ಒಂದೊಂದು ನಿಯಮವಿರುತ್ತದೆ, ಮೂವತ್ತು ದಾಟಿದವರಿಗೆ ಕೆಲವು ಬಾಗಿಲುಗಳು ಮುಚ್ಚಿರುತ್ತವೆ.

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ದಾಖಲೆಗಳನ್ನು ಹೊಂದಿಸುವುದಕ್ಕೆ ವಾರಗಳೇ ಬೇಕಾದವು. ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಮತ್ತು ಪದವಿಯ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಮೈಗ್ರೇಷನ್ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್, ವೈದ್ಯರಿಂದ ದೈಹಿಕ ಅರ್ಹತಾ ಪತ್ರ, ಇವುಗಳ ಜೊತೆಗೆ ರಂಗಾನುಭವವಿದೆ ಎಂದು ತೋರಿಸುವ ಏನಾದರೂ ಆಧಾರ. ಈ ಕಡೆಯದು ನಮ್ಮಂಥವರಿಗೆ ಕಷ್ಟ. ನಗರದ ತಂಡಗಳಲ್ಲಿ ಆಡಿದವರಿಗೆ ಕರಪತ್ರ, ಪತ್ರಿಕೆಯ ವಿಮರ್ಶೆ, ಪ್ರಮಾಣಪತ್ರ ಎಲ್ಲ ಇರುತ್ತವೆ. ಊರ ಹಬ್ಬದ ನಾಟಕಕ್ಕೆ ಇರುವುದು ಪಾತ್ರಧಾರಿಗಳ ಫೋಟೊ ಹಾಕಿ ಮುದ್ರಿಸಿದ ದೊಡ್ಡ ಭಿತ್ತಿಪತ್ರ ಮಾತ್ರ. ನಾನು ಅದನ್ನೇ ಮಡಚಿ ಲಗತ್ತಿಸಿದೆ, ಹಾರ್ಮೋನಿಯಂ ಮೇಷ್ಟ್ರಿಂದ ಒಂದು ಪತ್ರ ಬರೆಸಿಕೊಂಡೆ. ಯಾರೂ ಆಕ್ಷೇಪಿಸಲಿಲ್ಲ. ಆದ್ದರಿಂದ ಹಳೆಯ ಭಿತ್ತಿಪತ್ರಗಳನ್ನು ಯಾರೂ ಎಸೆಯಬೇಡಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಮತ್ತೊಂದು ತೊಡಕಿದೆ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ತಂದೆಯ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಗಂಡನ ಹೆಸರಿದೆ. ಎರಡೂ ಒಬ್ಬರೇ ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ರಂಗಶಾಲೆಯ ಕಚೇರಿಯವರು ಅದನ್ನು ನೋಡಿದ ಮೇಲೆ ವಿವಾಹ ನೋಂದಣಿ ಪತ್ರವನ್ನೂ ಕೇಳಿದರು. ಮೊದಲೇ ಎರಡನ್ನೂ ಹೇಳಿದ್ದರೆ ಒಂದು ಸುತ್ತು ತಪ್ಪುತ್ತಿತ್ತು. ನಾಡಕಚೇರಿಯ ಆದಾಯ ಪತ್ರಕ್ಕೆ ಅವಧಿಯಿರುತ್ತದೆ, ಹಳೆಯದು ಚಾಲ್ತಿಯಲ್ಲಿದೆಯೇ ಎಂದು ಪ್ರಕಟಣೆ ಹೊರಡುವುದಕ್ಕೆ ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿದರೆ ಕೋರ್ಸ್ ಮುಗಿಯುವವರೆಗೆ ಅವು ಕೈಗೆ ಸಿಗುವುದಿಲ್ಲ. ನಡುವೆ ಬೇರೆ ಕೆಲಸಕ್ಕೆ ಬೇಕಾದರೆ ಇರಲೆಂದು ದೃಢೀಕರಿಸಿದ ಕೆಲವು ಪ್ರತಿಗಳನ್ನು ಮನೆಯಲ್ಲಿಟ್ಟುಕೊಳ್ಳಿ, ಒಪ್ಪಿಸಿದ್ದಕ್ಕೆ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ.

ಸಂದರ್ಶನವು ಜೂನ್ ತಿಂಗಳ ಮಧ್ಯಭಾಗದಲ್ಲಿ ನಡೆಯಿತು. ಮೂರು ನಿಮಿಷದ ಒಂದು ಏಕಪಾತ್ರಾಭಿನಯ, ಒಂದು ಹಾಡು, ಸ್ಥಳದಲ್ಲೇ ಕೊಟ್ಟ ಸನ್ನಿವೇಶಕ್ಕೆ ಅಭಿನಯ, ಆಮೇಲೆ ಮಾತುಕತೆ ಎಂದು ಮೊದಲೇ ತಿಳಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿ ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ನೀರು, ಊಟದ ಡಬ್ಬಿ, ಸಡಿಲವಾದ ಬಟ್ಟೆ ಜೊತೆಗಿರಲಿ. ನಾನು ದುರ್ಯೋಧನನ ಮಾತುಗಳನ್ನೇ ಒಪ್ಪಿಸಿದೆ. ಮೂವರು ಪರೀಕ್ಷಕರಲ್ಲಿ ಹಿರಿಯರಾದವರು ಪೂರ್ತಿ ಕೇಳಿ, "ಚೆನ್ನಾಗಿದೆಯಮ್ಮ. ಈಗ ಇದೇ ಮಾತನ್ನು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ, ಅದು ಏಳಬಾರದು ಅಂತ ಇಟ್ಟುಕೊಂಡು ಹೇಳಿ" ಎಂದರು. ದನಿ ತಗ್ಗಿಸಿದೆ, ಅದರೊಂದಿಗೆ ಸಿಟ್ಟೂ ತಗ್ಗಿಹೋಯಿತು. "ದನಿ ಮಾತ್ರ ಕಡಿಮೆಯಾಗಲಿ, ಸಿಟ್ಟು ಹಾಗೇ ಇರಲಿ" ಎಂದು ಮತ್ತೆ ಮಾಡಿಸಿದರು. ಆಗಲಿಲ್ಲ. ಆದರೆ ಹತ್ತು ತಿಂಗಳಲ್ಲಿ ನಾನು ಕಲಿಯಬೇಕಾದದ್ದು ಏನು ಎಂಬುದು ಅಲ್ಲಿಯೇ ಸ್ಪಷ್ಟವಾಯಿತು. ಈಗ ಯೋಚಿಸಿದರೆ, ಸಂದರ್ಶನದಲ್ಲಿ ಅವರು ನೋಡುವುದು ನಾವು ಸಿದ್ಧಪಡಿಸಿಕೊಂಡು ಹೋದದ್ದನ್ನಲ್ಲ, ಸೂಚನೆ ಕೊಟ್ಟಾಗ ಅದನ್ನು ತೆಗೆದುಕೊಂಡು ಮತ್ತೆ ಪ್ರಯತ್ನಿಸುತ್ತೇವೆಯೇ ಎಂಬುದನ್ನು ಎನಿಸುತ್ತದೆ. ಬಾಯಿಪಾಠ ತಪ್ಪಿದರೆ ಗಾಬರಿಯಾಗಬೇಕಿಲ್ಲ.

ಆಯ್ಕೆಪಟ್ಟಿ ಬರುವವರೆಗಿನ ಕಾಯುವಿಕೆಯೇ ನನಗೆ ಎಲ್ಲಕ್ಕಿಂತ ಭಾರವಾದದ್ದು, ಏಕೆಂದರೆ ನಾನು ಪಾಠ ಮಾಡುವ ಶಾಲೆ ಆಗಲೇ ತೆರೆದಿತ್ತು. ಸಂಬಳವಿಲ್ಲದ ರಜೆ ಕೊಡುತ್ತಾರೋ, ರಾಜೀನಾಮೆ ಕೊಡಬೇಕೋ ತಿಳಿಯದೆ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುವುದಕ್ಕೇ ಸಂಕೋಚವಾಗುತ್ತಿತ್ತು. ಕೊನೆಗೆ ಆಡಳಿತ ಮಂಡಳಿಯವರು, ಬದಲಿ ಶಿಕ್ಷಕರನ್ನು ನಾನೇ ಹುಡುಕಿಕೊಟ್ಟರೆ ವರ್ಷದ ಮಟ್ಟಿಗೆ ರಜೆ ಕೊಡುವುದಾಗಿ ಒಪ್ಪಿದರು. ಆ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆ. ಮನೆಯಲ್ಲಿ ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಿದ್ದಾಗ ಅತ್ತೆಯವರು, "ಹೋಗ್ಬಾ ಕಣವ್ವ, ಮಗೀನ ನಾನ್ ನೋಡ್ಕತೀನಿ. ಗದೆ ಹಿಡ್ಕಂಡ್ ಕುಣಿಯೋಳಿಗೆ ಓದೋಕ್ ಹೋಗೋದೇನ್ ಕಷ್ಟ" ಎಂದರು. ಅವರ ಆ ಮಾತಿಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ.

ಖರ್ಚಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರವೇಶ ಮತ್ತು ಪರೀಕ್ಷೆಯ ಶುಲ್ಕಗಳು ದೊಡ್ಡ ಹೊರೆಯಲ್ಲ. ದೊಡ್ಡದು ನಿಂತುಹೋಗುವ ಸಂಬಳ. ಓಡಾಟಕ್ಕೆ ಹೆಂಗಸರಾದ ನಮಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಹಳ ಅನುಕೂಲವಾಗಿದೆ, ಮಂಡ್ಯದಿಂದ ಮೈಸೂರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ನನ್ನ ಜೊತೆ ಓದಿದ ಪಾಂಡವಪುರದ ಹುಡುಗ ರೈಲಿನ ಮಾಸಿಕ ಸೀಸನ್ ಟಿಕೆಟ್ ಮಾಡಿಸಿಕೊಂಡಿದ್ದ, ಅದೂ ಅಗ್ಗವೇ. ರಂಗತಾಲೀಮು ರಾತ್ರಿ ಒಂಬತ್ತು ದಾಟುವ ಕೊನೆಯ ಎರಡು ತಿಂಗಳು ಮಾತ್ರ ನಾನು ಸರಸ್ವತಿಪುರಂನಲ್ಲಿ ಊಟ ಸೇರಿ ತಿಂಗಳಿಗೆ 6,000 ರೂಪಾಯಿಯ ಹತ್ತಿರದ ಪಿ.ಜಿ.ಯೊಂದರಲ್ಲಿ ಉಳಿದುಕೊಂಡೆ. ಉಳಿದಂತೆ ಎರಡು ಜೊತೆ ಕಪ್ಪು ಹತ್ತಿಯ ಬಟ್ಟೆ, ಚಾಪೆ, ಮಂಡಿಗೆ ಕಟ್ಟುವ ಪ್ಯಾಡ್. ಮಂಡಿಯ ಪ್ಯಾಡನ್ನು ಮೂವತ್ತು ದಾಟಿದವರು ಮೊದಲ ದಿನದಿಂದಲೇ ಕಟ್ಟಿಕೊಳ್ಳಬೇಕು. ರಂಗಶಾಲೆಯವರು ತಿಂಗಳಿಗಿಷ್ಟು ಎಂದು ವಿದ್ಯಾರ್ಥಿವೇತನ ಹೇಳಿದ್ದರು, ಅದು ಬಂತು, ಆದರೆ ಮೊದಲ ಕಂತು ದಸರಾ ಕಳೆದ ಮೇಲೆ. ಮೊದಲ ನಾಲ್ಕೈದು ತಿಂಗಳಿಗೆ ಬೇಕಾದ ಹಣ ಕೈಯಲ್ಲಿಲ್ಲದೆ ಸೇರುವುದು ತುಂಬಾ ಕಷ್ಟ. ನಮ್ಮ ತರಗತಿಯಲ್ಲಿ ಹಾಡಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಇದೇ ಕಾರಣಕ್ಕೆ ಗಣೇಶನ ಹಬ್ಬದ ಹೊತ್ತಿಗೆ ಬಿಟ್ಟುಹೋದಳು. ಇದು ನನಗೆ ಇಂದಿಗೂ ನೋವಿನ ಸಂಗತಿ.

ತರಗತಿಗಳು ಬೆಳಿಗ್ಗೆ ದೇಹದ ಕೆಲಸದಿಂದ ಶುರುವಾಗುತ್ತಿದ್ದವು: ಯೋಗ, ಕೇರಳದ ಸಮರಕಲೆ ಕಳರಿಪಯಟ್ಟಿನ ಮೊದಲ ಹೆಜ್ಜೆಗಳು, ಆಮೇಲೆ ಯಕ್ಷಗಾನದ ಕುಣಿತ. ಅದರ ನಂತರ ದನಿ, ಮಧ್ಯಾಹ್ನ ಅಭಿನಯ, ಸಂಜೆ ರಂಗಭೂಮಿಯ ಇತಿಹಾಸ ಅಥವಾ ತಾಲೀಮು. ಇಪ್ಪತ್ತು ಇಪ್ಪತ್ತೆರಡರ ಹುಡುಗರ ನಡುವೆ ನಾನೊಬ್ಬಳೇ ಎಲ್ಲರಿಗೂ ಅಕ್ಕ. ಮೊದಲ ತಿಂಗಳು ಬಸ್ಸಿನಲ್ಲಿ ಕೂತರೆ ಏಳುವುದೇ ಕಷ್ಟವಾಗುವಷ್ಟು ಮೈಕೈ ನೋವು. ಅದು ಕ್ರಮೇಣ ಹೋಯಿತು, ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಹೆಚ್ಚು ಹೇಳಬೇಕಾದದ್ದು ಅಭಿನಯದ ತರಗತಿಯ ಬಗ್ಗೆ. ಮೊದಲಿಗೆ ನಮಗೆ ಸಂಭಾಷಣೆಯನ್ನೇ ಕೊಡಲಿಲ್ಲ. ದಿನವೂ ಮನೆಯಲ್ಲಿ ಮಾಡುವ ಒಂದು ಕೆಲಸವನ್ನು ವಸ್ತುಗಳಿಲ್ಲದೆ ಮಾಡಿ ತೋರಿಸಿ ಎಂದರು. ನಾನು ಮುದ್ದೆ ಮಾಡುವುದನ್ನು ಆರಿಸಿಕೊಂಡೆ. ಎಸರಿಟ್ಟು, ಹಿಟ್ಟು ಸುರಿದು, ಪಾತ್ರೆ ಇಳಿಸಿ, ಕೋಲಿನಲ್ಲಿ ತಿರುವಿ, ಉಂಡೆ ಕಟ್ಟಿ ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುಗಳು ಮಾತ್ರ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಪಾತ್ರೆ ಎಷ್ಟು ತೂಕವಿತ್ತು? ಅದನ್ನು ಇಳಿಸುವಾಗ ಬಟ್ಟೆ ಹಿಡಿದಿರೋ, ಬರಿಗೈಯೋ? ತಿರುವುವಾಗ ಹಬೆ ಮುಖಕ್ಕೆ ಯಾವ ಕಡೆಯಿಂದ ಬಡಿಯಿತು? ಹಿಟ್ಟು ಗಂಟಾಗಿದೆ ಎಂದು ಕೋಲು ನಿಮ್ಮ ಯಾವ ಕೈಗೆ ಹೇಳಿತು? ಉಂಡೆ ಕಟ್ಟುವ ಮೊದಲು ಅಂಗೈಯನ್ನು ನೀರಿಗೆ ಅದ್ದಿದಿರಾ? ಯಾರಿಗಾಗಿ ಮಾಡುತ್ತಿದ್ದಿರಿ, ಅವರು ಎಷ್ಟು ಹೊತ್ತಿಗೆ ಬರುತ್ತಾರೆ? ಆ ವಾರವೆಲ್ಲ ಮನೆಯಲ್ಲಿ ಮುದ್ದೆ ಮಾಡುವಾಗ ನನ್ನ ಕೈಗಳನ್ನೇ ನೋಡುತ್ತಿದ್ದೆ. ಬಿಸಿ ತಾಳದೆ ಉಂಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವಾಗ ಬೆರಳುಗಳ ತುದಿ ಮೇಲಕ್ಕೆ ಏಳುತ್ತವೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಇವೆರಡೂ ನನಗೇ ಗೊತ್ತಿರಲಿಲ್ಲ. ಮತ್ತೆ ತರಗತಿಯಲ್ಲಿ ಮಾಡಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಒಬ್ಬ ಹುಡುಗ "ಹಸಿವಾಯ್ತು ಅಕ್ಕ" ಎಂದ. ಗುರುಗಳು ಅದೇ ಸರಿ ಎಂದರು.

ಇದರ ಹಿಂದಿರುವ ತತ್ತ್ವ ರಷ್ಯದ ಸ್ತಾನಿಸ್ಲಾವ್‌ಸ್ಕಿಯದು. 1863ರಿಂದ 1938ರವರೆಗೆ ಬದುಕಿದ, 1898ರಲ್ಲಿ ಮಾಸ್ಕೊ ಆರ್ಟ್ ಥಿಯೇಟರನ್ನು ನೆಮಿರೋವಿಚ್ ದಾಂಚೆಂಕೊ ಅವರೊಂದಿಗೆ ಕಟ್ಟಿದ ಈ ನಟ ಹಾಗೂ ನಿರ್ದೇಶಕ, ಪಾತ್ರವನ್ನು ಕಟ್ಟಿಕೊಳ್ಳಲು ನಟ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಒಂದು ಕ್ರಮವನ್ನು ರೂಪಿಸಿದರು. ಪಾತ್ರದ ಸುತ್ತಲಿನ ಸಂದರ್ಭವೇನು, ಆ ಸಂದರ್ಭದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ, ಈ ದೃಶ್ಯದಲ್ಲಿ ಎದುರಿನವರಿಂದ ನನಗೇನು ಬೇಕು, ಅದಕ್ಕೆ ಅಡ್ಡವಾಗಿರುವುದೇನು. ಆರಂಭದಲ್ಲಿ ಅವರು ನಟನ ಸ್ವಂತ ಭಾವನೆಗಳ ನೆನಪಿಗೆ ಒತ್ತು ಕೊಟ್ಟಿದ್ದರು. ಬದುಕಿನ ಕೊನೆಯ ವರ್ಷಗಳಲ್ಲಿ, ಭಾವನೆಯನ್ನು ನೇರವಾಗಿ ಕರೆದರೆ ಬರುವುದಿಲ್ಲ, ಕ್ರಿಯೆಯನ್ನು ಸರಿಯಾಗಿ ಮಾಡಿದರೆ ಅದು ಹಿಂದೆಯೇ ಬರುತ್ತದೆ ಎಂಬಲ್ಲಿಗೆ ಬಂದರು. ಇದನ್ನು ತಿಳಿದಿರುವುದು ವಿದ್ಯಾರ್ಥಿಗಳಿಗೆ ಬಹಳ ಮುಖ್ಯ. ನಮ್ಮಲ್ಲಿ ಕೆಲವರು ಅಳುವ ದೃಶ್ಯಕ್ಕಾಗಿ ತಮ್ಮ ಮನೆಯ ಸಾವುನೋವುಗಳನ್ನು ಮತ್ತೆ ಮತ್ತೆ ನೆನೆದು, ದೃಶ್ಯ ಮುಗಿದ ಮೇಲೂ ಅದರಿಂದ ಹೊರಬರಲಾರದೆ ಒದ್ದಾಡಿದರು. ಗುರುಗಳು ಅದನ್ನು ತಡೆದರು. ಯಾವುದೇ ಕಡೆ ಇಂಥ ಅಭ್ಯಾಸವನ್ನು ಬಲವಂತವಾಗಿ ಮಾಡಿಸಿದರೆ ಆಗುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ.

ಚಲನೆಯ ತರಗತಿಯಲ್ಲಿ ಯುರೋಪಿನ ನೃತ್ಯಗುರು ರುಡಾಲ್ಫ್ ಲಾಬಾನ್ ಅವರ ಪದ್ಧತಿಯನ್ನು ಕಲಿಸಿದರು. ಚಲನೆಯನ್ನು ತೂಕ, ಕಾಲ, ದಿಕ್ಕು ಎಂದು ಬಿಡಿಸಿ ನೋಡುವುದು ಅದರ ಮೂಲ: ಭಾರವೋ ಹಗುರವೋ, ತಟ್ಟನೆಯೋ ನಿಧಾನವೋ, ನೇರವೋ ಬಳಸುದಾರಿಯೋ. ಈ ಮೂರನ್ನು ಬೇರೆ ಬೇರೆ ರೀತಿಯಲ್ಲಿ ಸೇರಿಸಿದರೆ ಒತ್ತುವುದು, ಗುದ್ದುವುದು, ಹಿಂಡುವುದು, ತೇಲುವುದು ಮುಂತಾದ ಎಂಟು ಬಗೆಯ ಚಲನೆಗಳು ಬರುತ್ತವೆ. ನನ್ನ ದುರ್ಯೋಧನ ಯಾವಾಗಲೂ ಗುದ್ದುತ್ತಿದ್ದ. ಅವನನ್ನು ಒತ್ತುವವನಾಗಿ, ನಿಧಾನವಾಗಿ, ಭಾರವಾಗಿ, ನೇರವಾಗಿ ನಡೆಸಿ ನೋಡಿ ಎಂದಾಗ ಪಾತ್ರಕ್ಕೆ ಬೇರೆಯದೇ ಅಧಿಕಾರ ಬಂತು.

ಅಕ್ಟೋಬರ್ ಹೊತ್ತಿಗೆ ಯಾರೂ ಎಣಿಸದ ಅಡ್ಡಿಯೊಂದು ಎದುರಾಯಿತು. ದನಿ ಒಡೆಯತೊಡಗಿತು. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೆ ಗೊಗ್ಗರಾಗುತ್ತಿತ್ತು, ಏರುಸ್ಥಾಯಿಯಲ್ಲಿ ಬರೀ ಗಾಳಿ ಬರುತ್ತಿತ್ತು. ಶುಂಠಿ ಕಷಾಯ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲ ಆದ ಮೇಲೆ ದನಿಯ ಗುರುಗಳು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಲೇಬೇಕೆಂದರು. ದೇಶದಲ್ಲೇ ಹೆಸರಾದ ಈ ಸಂಸ್ಥೆ ನಮ್ಮ ಪಕ್ಕದಲ್ಲಿದ್ದರೂ, ಅದು ಮಾತು ಬಾರದ ಮಕ್ಕಳಿಗೆ ಮಾತ್ರ ಎಂದು ನಮ್ಮ ಕಡೆ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಗಾಯಕರು, ಶಿಕ್ಷಕರು, ನಟರು, ದನಿಯಿಂದಲೇ ಬದುಕುವ ಎಲ್ಲರಿಗೂ ಅಲ್ಲಿ ಚಿಕಿತ್ಸೆಯಿದೆ. ನೋಂದಣಿ, ಕಿವಿ ಮೂಗು ಗಂಟಲಿನ ವೈದ್ಯರ ತಪಾಸಣೆ, ದನಿಯ ಪರೀಕ್ಷೆ ಎಲ್ಲವೂ ಬೇರೆ ಬೇರೆ ಕೋಣೆಗಳಲ್ಲಿ ನಡೆಯುವುದರಿಂದ ಒಂದಿಡೀ ದಿನವನ್ನು ಬಿಡುವು ಮಾಡಿಕೊಂಡು ಬೆಳಿಗ್ಗೆಯೇ ಹೋಗಬೇಕು.

ಕ್ಯಾಮೆರಾ ಇರುವ ನಳಿಕೆಯಲ್ಲಿ ನೋಡಿ, ಧ್ವನಿತಂತುಗಳ ಅಂಚಿನಲ್ಲಿ ಎರಡೂ ಕಡೆ ಸಣ್ಣ ಗಂಟುಗಳಾಗಿವೆ ಎಂದರು. ವರ್ಷಗಟ್ಟಲೆ ತರಗತಿಯಲ್ಲಿ ಕೂಗಿ ಪಾಠ ಮಾಡಿದ್ದು, ಗಂಡುದನಿಗಾಗಿ ಗಂಟಲನ್ನು ಒತ್ತಿ ರಾತ್ರಿಯಿಡೀ ಹಾಡಿದ್ದು ಎರಡೂ ಸೇರಿ ಹೀಗಾಗಿತ್ತು. ಕೋರ್ಸೇ ನಿಂತುಹೋಯಿತು ಎಂದುಕೊಂಡು ಆ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ಆದರೆ ಇಂಥ ಗಂಟುಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗಿಂತ ಮೊದಲು ದನಿಯ ವ್ಯಾಯಾಮವನ್ನೇ ಮಾಡಿಸುತ್ತಾರೆ, ನನಗೂ ಅದನ್ನೇ ಹೇಳಿದರು. ಒಂದು ಲೋಟದಲ್ಲಿ ನಾಲ್ಕು ಬೆರಳಿನಷ್ಟು ನೀರು ಹಾಕಿ, ಸ್ಟ್ರಾವನ್ನು ಅದರಲ್ಲಿ ಮುಳುಗಿಸಿ, ಗುಳ್ಳೆ ಏಳುವಂತೆ 'ಊ' ಎಂದು ಒಂದೇ ಸಮ ಉಸಿರು ಬಿಡಬೇಕು. ಗುಳ್ಳೆಗಳು ಒಂದೇ ಗಾತ್ರದಲ್ಲಿ ಬರುತ್ತಿದ್ದರೆ ಉಸಿರು ಸಮವಾಗಿದೆ ಎಂದರ್ಥ. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ನೀರು ಹೆಚ್ಚು ಕುಡಿಯಬೇಕು, ಗಂಟಲು ಕೆರೆದು ಕೆಮ್ಮಬಾರದು, ಮಲಗುವ ಮೊದಲು ಹೊಟ್ಟೆ ತುಂಬ ಉಣ್ಣಬಾರದು. ಪಿಸುಮಾತಿನಿಂದ ಗಂಟಲಿಗೆ ವಿಶ್ರಾಂತಿ ಸಿಗುತ್ತದೆಂದು ನಾವೆಲ್ಲ ನಂಬಿದ್ದೇವೆ, ಅದರಿಂದ ಶ್ರಮ ಹೆಚ್ಚಾಗಬಹುದು ಎಂದು ಅಲ್ಲಿ ತಿಳಿಯಿತು. ಕೆಲವು ವಾರ ನಾನು ತರಗತಿಯಲ್ಲಿ ಕೊರಳಿಗೆ 'ಮೌನ' ಎಂಬ ಚೀಟಿ ಕಟ್ಟಿಕೊಂಡು ಕೂರಬೇಕಾಯಿತು. ಹಾಜರಾತಿಗೆ ತೊಂದರೆಯಾಗದಂತೆ ವೈದ್ಯರ ಪತ್ರವನ್ನು ಅದೇ ವಾರ ಕಚೇರಿಗೆ ಕೊಟ್ಟದ್ದು ಒಳ್ಳೆಯದಾಯಿತು. ನಮ್ಮ ಕಡೆಯ ಎಲ್ಲ ಪಾತ್ರಧಾರಿಗಳಿಗೂ ನಾನು ಕೈಮುಗಿದು ಹೇಳುವುದಿದೆ: ಎರಡು ಮೂರು ವಾರಕ್ಕೂ ದನಿ ಸರಿಹೋಗದಿದ್ದರೆ ದಯವಿಟ್ಟು ತೋರಿಸಿ. ಎಷ್ಟು ಒಳ್ಳೆಯ ಕಂಠಗಳು ನಮ್ಮೂರುಗಳಲ್ಲಿ ಹೀಗೆಯೇ ಹಾಳಾಗಿವೆ.

ಮಾತಾಡಲಾಗದ ಆ ವಾರಗಳಲ್ಲಿ ನನಗೆ ಉಳಿದದ್ದು ಕೇಳುವುದೊಂದೇ. ಇಬ್ಬರು ಅಭಿನಯಿಸುವಾಗ ಮಾತಾಡದವನ ಮುಖವನ್ನು ನೋಡುತ್ತಿದ್ದೆ. ಒಳ್ಳೆಯ ನಟರು ಎದುರಿನವರ ಮಾತು ಮುಗಿಯುವುದಕ್ಕೆ ಕಾಯುವುದಿಲ್ಲ, ಮಾತಿನ ನಡುವೆಯೇ ಅವರ ಉಸಿರು ಬದಲಾಗುತ್ತದೆ, ಉತ್ತರ ಅಲ್ಲಿಯೇ ಹುಟ್ಟುತ್ತದೆ. ಭರತಮುನಿಯ ನಾಟ್ಯಶಾಸ್ತ್ರದ ಪಾಠ ನಡೆದದ್ದೂ ಆಗಲೇ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂಬ ನಾಲ್ಕು ಅಭಿನಯಗಳಲ್ಲಿ ಕೊನೆಯದರ ಎಂಟು ಭಾವಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಬೆವರುವುದು, ನಡುಗುವುದು, ದನಿ ಒಡೆಯುವುದು, ಇವೆಲ್ಲ ಬೇಕೆಂದಾಗ ಬರುವಂಥವಲ್ಲ, ಮನಸ್ಸು ಒಂದೆಡೆ ನೆಟ್ಟಾಗ ಮೈ ತಾನಾಗಿ ಕೊಡುವಂಥವು. ಭರತ ಹೇಳಿದ್ದನ್ನೂ ಸ್ತಾನಿಸ್ಲಾವ್‌ಸ್ಕಿ ಕೊನೆಗೆ ತಲುಪಿದ್ದನ್ನೂ ಒಂದೇ ಎಂದು ನಾನು ಹೇಳಲಾರೆ. ಆದರೆ ಕಲಿಯುವವಳಿಗೆ ಎರಡೂ ಕಡೆಯಿಂದ ಸಿಕ್ಕ ಸೂಚನೆ ಒಂದೇ: ಫಲವನ್ನು ನಟಿಸಬೇಡ, ಅದಕ್ಕೆ ಕಾರಣವಾದದ್ದನ್ನು ಮಾಡು.

ಜರ್ಮನಿಯ ನಾಟಕಕಾರ ಬ್ರೆಖ್ಟ್ ಅವರ ಪಾಠ ಬಂದಾಗ ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತು. ಚೀನಾದ ನಟ ಮೇ ಲಾನ್‌ಫಾಂಗ್ ಅವರ ಅಭಿನಯವನ್ನು ಬ್ರೆಖ್ಟ್ 1935ರಲ್ಲಿ ಮಾಸ್ಕೊದಲ್ಲಿ ನೋಡಿದ್ದರು. ನಟ ಪಾತ್ರದಲ್ಲಿ ಕರಗಿಹೋಗದೆ ಅದನ್ನು ತೋರಿಸುವವನಾಗಿ ನಿಲ್ಲುವ ಬಗೆ ಅವರನ್ನು ಆಳವಾಗಿ ತಟ್ಟಿತ್ತು. ನಮ್ಮ ತರಗತಿಯ ಒಬ್ಬ, ಮಂಡ್ಯದ ಪೌರಾಣಿಕ ನಾಟಕದ 'ಒನ್ಸ್ ಮೋರ್' ಕೂಡ ಇದೇ ಅಲ್ಲವೇ ಎಂದ. ಮತ್ತೊಬ್ಬ ಪೌರಾಣಿಕ ನಾಟಕದಲ್ಲಿ ಅಭಿನಯವೇ ಇಲ್ಲ ಎಂದ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಪದ್ಯವನ್ನು ಎರಡನೇ ಸಲ ಹಾಡುವಾಗ ನಟ ಪಾತ್ರದಿಂದ ಹೊರಗೆ ಬರುವುದು ನಿಜ, ಆದರೆ ನೋಡುವವರು ಕಥೆಯನ್ನು ಪ್ರಶ್ನಿಸಲಿ ಎಂದಲ್ಲ, ಹಾಡಿನ ಸುಖವನ್ನು ಇನ್ನೊಮ್ಮೆ ಅನುಭವಿಸಲಿ ಎಂದು. ಅದಕ್ಕೆ ಅದರದೇ ನ್ಯಾಯವಿದೆ. ಇನ್ನು ಅಭಿನಯವೇ ಇಲ್ಲ ಎಂಬ ಮಾತಿಗೆ ಉತ್ತರ, ಕಾವ್ಯವನ್ನು ರಾಗವಾಗಿ ಓದುವ ಗಮಕದ ತರಗತಿಯಲ್ಲಿ ಸಿಕ್ಕಿತು. ಕುಮಾರವ್ಯಾಸನ ಷಟ್ಪದಿಯನ್ನು ಒಂದೇ ಉಸಿರಿನಲ್ಲಿ ಅರ್ಥ ಕೆಡದಂತೆ ಓದಿ ಎಂದಾಗ, ಹಾರ್ಮೋನಿಯಂ ಮೇಷ್ಟ್ರು ಬೈದು ಬೈದು ಕಲಿಸಿದ ಉಸಿರಿನ ಹಿಡಿತ ನನ್ನ ನೆರವಿಗೆ ಬಂತು. ಊರ ನಾಟಕದಿಂದ ಬರುವವರು ಅದನ್ನು ಬಾಗಿಲಲ್ಲಿ ಬಿಟ್ಟು ಬರಬೇಕಾಗಿಲ್ಲ.

ಸಂಜೆ ಬಿಡುವಿದ್ದಾಗ ನಾಟಕ ನೋಡುವುದೂ ಓದಿನ ಭಾಗವೇ. ಕಲಾಮಂದಿರದ ಆವರಣದ ಭೂಮಿಗೀತದಲ್ಲಿ, ಕಿರುರಂಗಮಂದಿರದಲ್ಲಿ ವಾರಾಂತ್ಯಕ್ಕೆ ಏನಾದರೊಂದು ಇರುತ್ತಿತ್ತು. ಭೂಮಿಗೀತದಂಥ ಚಿಕ್ಕ ರಂಗಮಂದಿರದಲ್ಲಿ ನಟರ ಕಣ್ಣು ಕಾಣುವಷ್ಟು ಹತ್ತಿರ ಕೂತು ನೋಡಿದ್ದರಿಂದ ತರಗತಿಯಲ್ಲಿ ಕೇಳಿದ್ದು ಎಷ್ಟೋ ಅರ್ಥವಾಯಿತು.

ಜನವರಿಯಿಂದ ಅಂತಿಮ ಪ್ರಯೋಗಗಳ ತಾಲೀಮು. ದನಿ ಅಷ್ಟರಲ್ಲಿ ಬಹುಮಟ್ಟಿಗೆ ಮರಳಿತ್ತು, ಆದರೆ ಕೂಗಕೂಡದೆಂಬ ಕಟ್ಟಳೆ ಇನ್ನೂ ಇತ್ತು. ನನಗೆ ಬಂದ ಪಾತ್ರ ಮತ್ತೆ ದುರ್ಯೋಧನನದೇ, ಭಾಸನ ಊರುಭಂಗದ ಕನ್ನಡ ರೂಪದಲ್ಲಿ. ಸಂಸ್ಕೃತ ನಾಟಕಗಳಲ್ಲಿ ರಂಗದ ಮೇಲೆ ಸಾವನ್ನು ತೋರಿಸುವುದು ಅಪರೂಪ. ಈ ನಾಟಕದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನ ಎಲ್ಲರೆದುರೇ ಸಾಯುತ್ತಾನೆ. ಕುರುಡ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾರೆ, ಪುಟ್ಟ ಮಗ ದುರ್ಜಯ ಎಂದಿನಂತೆ ತೊಡೆಯೇರಲು ಬರುತ್ತಾನೆ. ತೊಡೆ ಮುರಿದ ತಂದೆ ಮಗನನ್ನು ತಡೆಯಬೇಕು, ಏಕೆ ತಡೆಯುತ್ತಿದ್ದೇನೆಂದು ಹೇಳಲೂ ಬೇಕು. ತಾಲೀಮಿನಲ್ಲಿ ಮೊದಲಿಗೆ ನಾನು ದುಃಖವನ್ನು ತೋರಿಸಲು ಹೋಗುತ್ತಿದ್ದೆ. ನಿರ್ದೇಶಕರು ನಿಲ್ಲಿಸಿ, "ದುಃಖ ಬಿಡಿ. ಮಗು ಹತ್ತಿರ ಬಂದರೆ ನಿಮ್ಮ ಗಾಯಕ್ಕೆ ತಾಗುತ್ತದೆ. ಅವನನ್ನು ಹೆದರಿಸದೆ ಒಂದು ಅಡಿ ದೂರದಲ್ಲಿ ನಿಲ್ಲಿಸಿ, ಅಷ್ಟೇ ನಿಮ್ಮ ಕೆಲಸ" ಎಂದರು. ಎಡಗೈಯನ್ನು ನೆಲಕ್ಕೂರಿ ಬಲಗೈಯನ್ನು ಮಗುವಿನ ಎದೆಯ ಮಟ್ಟಕ್ಕೆ ಚಾಚಿ, ತಡೆಯುವ ಆ ಕೈಯೇ ಸವರುವ ಕೈಯೂ ಆಗುವಂತೆ ಮಾಡುವುದಕ್ಕೆ ವಾರಗಳು ಹಿಡಿದವು. ಪ್ರಯೋಗದ ದಿನ ನಮ್ಮ ತಂಡದ ಹೆಂಗಸರೆಲ್ಲ ಮಂಡ್ಯದಿಂದ ವ್ಯಾನು ಮಾಡಿಕೊಂಡು ಬಂದಿದ್ದರು. ಭೀಮನ ಪಾತ್ರ ಮಾಡುತ್ತಿದ್ದ ಗೆಳತಿ, "ಒಂದ್ಸಲಾನೂ ಕೂಗ್ಲಿಲ್ವಲ್ಲ ಅಕ್ಕ, ಆದ್ರೂ ಹಿಂದ್ಗಡೆ ಕೂತಿದ್ದ ನಂಗೆ ಎಲ್ಲಾ ಕೇಳುಸ್ತು" ಎಂದಳು. ನನಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ, ಆದರೂ ಪ್ರಮಾಣಪತ್ರದ ಕೆಲಸ ಬಾಕಿಯಿತ್ತು.

ಪ್ರಯೋಗ ಮುಗಿದರೆ ಕೋರ್ಸ್ ಮುಗಿಯಿತೆಂದು ಹುಡುಗರೆಲ್ಲ ಊರಿಗೆ ಹೊರಡಲು ಸಿದ್ಧರಾಗುತ್ತಾರೆ. ಆಮೇಲೆ ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆ, ವರ್ಷವಿಡೀ ಬರೆದ ಅಭ್ಯಾಸದ ದಿನಚರಿಯನ್ನು ಒಪ್ಪಿಸುವುದು ಇರುತ್ತವೆ. ದಿನಚರಿಯನ್ನು ಅಂದಂದೇ ಬರೆದರೆ ಕೊನೆಯಲ್ಲಿ ಸಂಕಟವಿಲ್ಲ, ಮೌಖಿಕದಲ್ಲಿ ಹೆಚ್ಚಿನ ಪ್ರಶ್ನೆಗಳು ಅದರಿಂದಲೇ ಬರುತ್ತವೆ. ನನ್ನನ್ನು ಮುದ್ದೆಯ ಅಭ್ಯಾಸದ ಬಗ್ಗೆಯೇ ಬಹಳ ಹೊತ್ತು ಕೇಳಿದರು. ಕೊನೆಯದು ಬಾಕಿ ಇಲ್ಲವೆಂಬ ಪತ್ರ. ಗ್ರಂಥಾಲಯ, ವಸ್ತ್ರವಿಭಾಗ, ಪರಿಕರಗಳ ಕೋಣೆ, ಲೆಕ್ಕಪತ್ರ ವಿಭಾಗ, ನಾಲ್ಕೂ ಕಡೆ ಸಹಿಯಾದ ಮೇಲೆಯೇ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸುತ್ತಾರೆ. ಸಹಿ ಮಾಡಬೇಕಾದವರು ಪ್ರವಾಸದಲ್ಲಿರುತ್ತಾರೆ, ಆದ್ದರಿಂದ ಫೋನ್ ಮಾಡಿ ಕೇಳಿಕೊಂಡೇ ಮೈಸೂರಿಗೆ ಹೊರಡಿ. ಮೂಲ ದಾಖಲೆಗಳು ನನ್ನ ಕೈ ಸೇರಿವೆ. ಡಿಪ್ಲೊಮಾದ ಅಂಕಪಟ್ಟಿ ಇನ್ನೂ ಬರಬೇಕು, ಸದ್ಯಕ್ಕೆ ತೇರ್ಗಡೆಯ ತಾತ್ಕಾಲಿಕ ಪತ್ರ ಕೊಟ್ಟಿದ್ದಾರೆ, ನಮ್ಮ ಶಾಲೆಯ ಆಡಳಿತ ಮಂಡಳಿಗೆ ಅದು ಸಾಕಾಯಿತು. ಜೂನ್ ಮೊದಲ ವಾರ ಕೆಲಸಕ್ಕೆ ಹಾಜರಾಗುತ್ತಿದ್ದೇನೆ. ಮಂಡ್ಯದ ಸುತ್ತಮುತ್ತ ಯಾರಾದರೂ ಈ ವರ್ಷ ಅರ್ಜಿ ಹಾಕುವವರಿದ್ದರೆ, ಸಂದರ್ಶನಕ್ಕೆ ಮೊದಲು ಒಂದು ಭಾನುವಾರ ನಮ್ಮ ತಂಡದ ತಾಲೀಮಿಗೆ ಬನ್ನಿ, ಜೊತೆಗೆ ಕೂತು ಅಭ್ಯಾಸ ಮಾಡೋಣ.